ಕೊನೆಯ ಬೆಂಚಿನ ಕೆಳಗಿನ ಗುಂಯ್

ಬೋರಲು ಮಲಗಿ, ಕೊನೆಯ ಬೆಂಚಿನ ಕೆಳಗೆ ತಲೆ ತೂರಿಸಿ, ಉಸಿರು ಬಿಗಿಹಿಡಿದು ಅವನು ಇನ್ನೊಮ್ಮೆ ಕೇಳಿಸಿಕೊಂಡ. ಇತ್ತು. ಎಂಜಿನ್ ಚಾಲೂ ಆದ ಕ್ಷಣವೇ ಲಾಂಚಿನ ನಾಲ್ಕೂ ಸ್ಪೀಕರುಗಳಲ್ಲಿ ಗುಂಯ್ ಎಂದು ಏಳುತ್ತಿತ್ತು. ಎಂಜಿನ್ ಮಾಮ ವೇಗ ಏರಿಸಿದರೆ ತಾನೂ ಏರುತ್ತಿತ್ತು, ಇಳಿಸಿದರೆ ಇಳಿಯುತ್ತಿತ್ತು, ಬೈದು ಅಟ್ಟಿದರೂ ನಾಲ್ಕು ಹೆಜ್ಜೆ ಸರಿದು ಮತ್ತೆ ಬೆನ್ನಿಗೆ ಬೀಳುವ ನಾಯಿಯ ಹಾಗೆ. ಐದು ತಿಂಗಳಿಂದ ಇದೇ. ಮೈಕು ಬದಲಿಸಿದ್ದಾಯಿತು, ಮೈಕಿನ ವೈರು ಬದಲಿಸಿದ್ದಾಯಿತು, ಸ್ಪೀಕರುಗಳನ್ನು ಬಿಚ್ಚಿ ಕಟ್ಟಿದ್ದಾಯಿತು, ಅಂಗಡಿಯವನು 'ಇದು ಹಾಕಿದ್ರೆ ನಿಮ್ಮ ಸೌಂಡು ಕ್ಲೀನು' ಎಂದು ದೇವರಾಣೆ ಮಾಡಿ ಕೊಟ್ಟ ಫಿಲ್ಟರ್ ಡಬ್ಬಿಯನ್ನು ಸಿಕ್ಕಿಸಿದ್ದೂ ಆಯಿತು. ಗುಂಯ್ ಜಗ್ಗಲಿಲ್ಲ. ಇವತ್ತು ಮೂರು ಗಂಟೆಯ ಟ್ರಿಪ್ಪಿಗೆ ಯಜಮಾನರು ಖುದ್ದಾಗಿ ಬಂದು ಕೂರುತ್ತಾರೆ. ಅಕ್ಕ ಮುಂದೆ ನಿಂತು ಮೈಕು ಹಿಡಿದು ಎರಡೂ ದಡಗಳ ಬಗ್ಗೆ ಹೇಳುವುದು ನಲವತ್ತು ಜನರಿಗೂ ಕೇಳಿಸಿದರೆ ಸರಿ. ಇಲ್ಲವಾದರೆ ನಾಳೆಯಿಂದ ಅವಳ ಜಾಗದಲ್ಲಿ ಮೊಬೈಲಿನಲ್ಲಿ ತುಂಬಿಸಿಟ್ಟ ಯಾವಳದೋ ದನಿ. ಹನ್ನೊಂದು ವರ್ಷ ಈ ನೀರಿನ ಮೇಲೆ ಮಾತಾಡಿದವಳು ಟಿಕೆಟ್ ಹರಿಯುವ ಕಿಟಕಿಗೆ ಹೋಗಿ ಕೂರಬೇಕು, ಅದೂ ಯಜಮಾನರಿಗೆ ಮನಸ್ಸು ಬಂದರೆ. ಈ ಲಾಂಚಿನ ಸೌಂಡ್ ವೈರಿಂಗನ್ನು, ಮೊದಲ ಸ್ಕ್ರೂವಿನಿಂದ ಕೊನೆಯ ಟೇಪಿನವರೆಗೆ, ಮಾಡಿದವನು ಅವನೇ.

ಸಿಟ್ಟು ಬಂದಾಗ ಅವನಿಗೆ ಮೊದಲು ಬೆವರುವುದು ಅಂಗೈ. ಈಗಲೂ ಬೆವರಿತು, ಸ್ಕ್ರೂಡ್ರೈವರ್ ಜಾರಿ ಗೆಣ್ಣಿನ ಚರ್ಮ ಕಿತ್ತುಬಂತು, ಯಾರಿಗೆ ಎಂದು ಗೊತ್ತಿಲ್ಲದೆ ಒಂದು ಬೈಗುಳ ಬಾಯಿಂದ ಹೊರಟಿತು. ಅಂಗಡಿಯವನಿಗೆ, ಯಜಮಾನರಿಗೆ, ಟಿಕೆಟ್ ಕಿಟಕಿಗೆ, ಯಾರಿಗೆ ತಗುಲಿದರೂ ಪರವಾಗಿರಲಿಲ್ಲ. ಗಂಟಲಿನ ಡಾಕ್ಟರ ಕೋಣೆಯಲ್ಲೂ ಅಂಗೈ ಹೀಗೇ ಒದ್ದೆಯಾಗಿತ್ತು. ಅಕ್ಕನ ಮೂಗಿನಿಂದ ಸಣ್ಣ ಕೊಳವೆ ಇಳಿಸಿ, ಗೋಡೆಯ ಟೀವಿಯಲ್ಲಿ ದನಿ ಹೊರಡಿಸುವ ಎರಡು ಬಿಳಿ ಪಟ್ಟಿಗಳನ್ನು ತೋರಿಸಿ, ಒಂದೊಂದರ ಮೇಲೂ ಒಂದೊಂದು ಸಾಸಿವೆಯಷ್ಟು ಗಂಟಿದ್ದದ್ದನ್ನು ಪೆನ್ನಿನ ತುದಿಯಿಂದ ಮುಟ್ಟಿ ಡಾಕ್ಟರು ಹೇಳಿದ್ದರು, 'ಕೆಲಸ ಮಾಡೋರ ಅಂಗೈ ಜಡ್ಡುಗಟ್ಟುತ್ತಲ್ಲ, ಅದೇ ಇದು. ಮನೇಲಿ ತುಂಬಾ ಕೂಗಾಡ್ತೀರಾ?' ಕೊಳವೆ ತೆಗೆದ ಮೇಲೆ ಕಣ್ಣು ಒರೆಸಿಕೊಳ್ಳುತ್ತಿದ್ದ ಅಕ್ಕ ಅವನ ಕಡೆ ಬೆರಳು ತೋರಿಸಿದಳು. 'ಕೂಗಾಡೋದು ಇವ್ನು ಸಾರ್. ನಾನು ಬರೀ ಕೆಲಸಕ್ಕೆ ಹೋಗ್ತೀನಿ.' ಡಾಕ್ಟರು ನಕ್ಕರು, ನರ್ಸು ನಕ್ಕಳು, ನಗದಿದ್ದರೆ ತಾನೊಬ್ಬನೇ ಉಳಿಯುತ್ತೇನೆಂದು ಅವನೂ ನಕ್ಕ. 'ಹಾಗಾದ್ರೆ ಕೆಲಸದಲ್ಲಿ ಯಾವುದರ ಮೇಲೆ ದನಿ ಏರಿಸ್ತಿದೀರಿ?' ಎಂದು ಅವರು ಕೇಳಿದಾಗ ಅವನು ನಗುವುದನ್ನು ನಿಲ್ಲಿಸಿ ನೆಲ ನೋಡಿದ. ಈಗ ಹೇಳುತ್ತಾಳೆ, ಈಗ. 'ಗಾಳಿ ಸಾರ್,' ಎಂದಳು ಅಕ್ಕ, 'ನೀರಿನ ಮೇಲೆ ಗಾಳಿ ಜಾಸ್ತಿ.' ಹಾಗೆ ಹೇಳುವಾಗ ತಪ್ಪಿಯೂ ಅವನ ಕಡೆ ನೋಡಲಿಲ್ಲ. ಎರಡು ತಿಂಗಳು ದನಿ ಏರಿಸುವ ಹಾಗಿಲ್ಲ, ಏರಿಸಿದರೆ ಆಪರೇಷನ್ನು, ಆಮೇಲೆ ದನಿ ಹೇಗಿರುತ್ತದೆ ಅಂತ ನಾನು ಬರೆದುಕೊಡುವುದಕ್ಕಾಗುವುದಿಲ್ಲ ಎಂದು ಡಾಕ್ಟರು ಹೇಳಿದ್ದನ್ನು ಅವನು ಕೇಳಿಸಿಕೊಂಡದ್ದು ಗಾಳಿ ಎಂಬ ಆ ಒಂದು ಮಾತಿನ ಆಚೆಯಿಂದ.

ಅವಳು ಹೀಗೆ ಮಾಡುವುದು ಇದೇ ಮೊದಲಲ್ಲ, ಅದೇ ಅವನ ಕಷ್ಟ. ಬೈದಿದ್ದರೆ ತಿರುಗಿ ಬೈದು ಮುಗಿಸಬಹುದಿತ್ತು. ಎಂಟನೆಯ ತರಗತಿಯಲ್ಲಿ ಮೇಷ್ಟ್ರು ಅವನನ್ನು ಎಬ್ಬಿಸಿ ನಿಲ್ಲಿಸಿ ಪಾಠ ಓದಿಸಿದ್ದರು. ಮೂರನೆಯ ಸಾಲಿನ ಒಂದು ಉದ್ದನೆಯ ಪದ ಹಲ್ಲಿಗೆ ಸಿಕ್ಕಿಕೊಂಡಿತು, ಅದನ್ನು ಎಳೆದಷ್ಟೂ ಹಿಂದಿನ ಬೆಂಚುಗಳು ನಕ್ಕವು. ಮರುದಿನ ಮತ್ತೆ ಅದೇ ಪುಟ, ಅದೇ ಪದ. ಮೇಷ್ಟ್ರಿಗೂ ಆ ನಗೆಯ ರುಚಿ ಹತ್ತಿತ್ತು. ಮೂರನೆಯ ದಿನ ಅವನು ಶಾಲೆಯ ಬದಲು ಕಾರಿನ ಗ್ಯಾರೇಜಿನಲ್ಲಿದ್ದ. ಮನೆಯಲ್ಲಿ ಎಲ್ಲರೂ ಉಪದೇಶ ಮಾಡಿದರು, ಅಕ್ಕ ಒಬ್ಬಳು ಮಾಡಲಿಲ್ಲ. ಗ್ಯಾರೇಜಿನಿಂದ ಅವನು ತರುತ್ತಿದ್ದ ಕಂಪನಿ ಪುಸ್ತಕಗಳನ್ನು ಸಂಜೆ ಬಿಡಿಸಿಕೊಂಡು ಕೂತು, ಒಂದೊಂದು ಇಂಗ್ಲಿಷ್ ಸಾಲನ್ನು ಕನ್ನಡ ಮಾಡಿ ಓದಿ, 'ಇದೇನೋ ಇದು, ನಂಗೊಂದೂ ತಲೆಗೆ ಹೋಗ್ತಿಲ್ಲ, ಸ್ವಲ್ಪ ಹೇಳ್ಕೊಡು' ಎನ್ನುತ್ತಿದ್ದಳು. ಅವನು ರಿಲೇ, ಫ್ಯೂಸು, ಡೈನಮೋ ಎಂದು ಕೈ ಆಡಿಸುತ್ತ ಮೇಷ್ಟ್ರ ಹಾಗೆ ವಿವರಿಸುತ್ತಿದ್ದ. ಅವಳು ಪೆದ್ದಿಯ ಹಾಗೆ ತಲೆ ಆಡಿಸುತ್ತಿದ್ದಳು. ಪಾಠ ಯಾರಿಗೆ ನಡೆಯುತ್ತಿತ್ತು ಎನ್ನುವುದು ಅವನಿಗೆ ಹೊಳೆಯುವುದಕ್ಕೆ ಏಳು ವರ್ಷ ಬೇಕಾಯಿತು. ಹೊಳೆದ ದಿನ ಸಾರಿಗೆ ಉಪ್ಪು ಕಡಿಮೆ ಎಂದು ತಟ್ಟೆ ತಳ್ಳಿ ಎದ್ದುಹೋಗಿದ್ದ.

'ಏನೋ, ಕಳ್ಳ ಸಿಕ್ಕನಾ?' ಎಂಜಿನ್ ಮಾಮ ಬಂದು ಬೆಂಚಿನ ಪಕ್ಕ ಕುಕ್ಕರುಗಾಲಲ್ಲಿ ಕೂತ. ಅವನು ಯಾರಿಗೂ ಮಾಮನಲ್ಲ. ಈ ಲಾಂಚು ಹುಟ್ಟಿದಾಗಿನಿಂದ ಅದನ್ನು ನಡೆಸುತ್ತಿದ್ದಾನೆ, ಎಲ್ಲರೂ ಹಾಗೇ ಕರೆಯುತ್ತಾರೆ.

'ಅರ್ಥಿಂಗ್ ಸಾಲ್ತಿಲ್ಲ ಮಾಮ. ಇನ್ನೊಂದು ವೈರು ಎಳೀತೀನಿ.'

'ಈಗೆಷ್ಟಿದೆ?'

'ಮೂರು.'

'ಮೂರಕ್ಕೆ ಹೋಗದ್ದು ನಾಲ್ಕಕ್ಕೆ ಹೋಗುತ್ತಾ?'

'ನಿಂಗೆ ಗೊತ್ತಾಗಲ್ಲ ಸುಮ್ನಿರು. ಸೌಂಡಲ್ಲಿ ಗಲಾಟೆ ಬಂತು ಅಂದ್ರೆ ಅರ್ಥಿಂಗ್ ವೀಕು ಅಂತ. ಬಾಡಿ ಎಲ್ಲಿ ಸಿಗುತ್ತೋ ಅಲ್ಲಿ ಕಚ್ಚಿಸ್ಬೇಕು. ಇನ್ನೂರು ಕಾರು ಮಾಡಿದೀನಿ ನಾನು.'

'ಬಾಡಿ ಬಾಡಿ ಅಂತೀಯಲ್ಲ, ಯಾವ ಬಾಡಿ?' ಮಾಮ ಬೆರಳ ಗೆಣ್ಣಿನಿಂದ ಲಾಂಚಿನ ಒಳಗೋಡೆಗೆ ಕುಟ್ಟಿದ. ಟಪ್ ಟಪ್ ಎಂದು ಪೊಳ್ಳು ಸದ್ದು ಬಂತು. 'ಫೈಬರ್ ಕಣೋ ಇದು. ಸ್ನಾನದ ಬಕೆಟ್ಟಿಗೂ ಇದಕ್ಕೂ ಏನು ವ್ಯತ್ಯಾಸ ಹೇಳು? ನಿಮ್ಮನೆ ಬಕೆಟ್ಟಿಗೆ ಅರ್ಥಿಂಗ್ ಕೊಟ್ಟಿದೀಯಾ?' ತನ್ನ ಮಾತಿಗೆ ತಾನೇ ನಕ್ಕು, ನಗು ಕೆಮ್ಮಾಗಿ, ಎದ್ದುಹೋಗಿ ನೀರಿಗೆ ಉಗಿದ.

ಕೈಗೆ ಸಿಕ್ಕಿದ್ದನ್ನು ಮಾಮನ ಬೆನ್ನಿಗೆ ಎಸೆಯಬೇಕೆಂದು ಎತ್ತಿದ ಕೈ ಅಲ್ಲೇ ನಿಂತಿತು. ಕಾರಿನಲ್ಲಿ ಬ್ಯಾಟರಿಯ ನೆಗೆಟಿವ್ ಬಾಡಿಗೆ ಸೇರಿರುತ್ತದೆ. ಇಡೀ ಕಾರಿನ ತಗಡು ಒಂದು ದಪ್ಪ ತಂತಿಯಿದ್ದ ಹಾಗೆ, ಎಲ್ಲಿ ಬೋಲ್ಟ್ ಹಾಕಿದರೂ ಕರೆಂಟು ಬ್ಯಾಟರಿಗೆ ವಾಪಸು ಹೋಗುತ್ತದೆ. ಅದು ಅವನ ಕೈಗೆ ಎಷ್ಟು ಅಭ್ಯಾಸವಾಗಿತ್ತೆಂದರೆ, ಲಾಂಚಿಗೆ ಬಂದಾಗಲೂ ಈ ಬೆಂಚಿನ ಕೆಳಗಿಟ್ಟ ಆಂಪ್ಲಿಫೈಯರಿನ ನೆಗೆಟಿವನ್ನು, ತೋಳಿಗೆ ನಿಲುಕುವಷ್ಟು ಹತ್ತಿರವಿದ್ದ ಎಂಜಿನ್ನಿನ ಕಬ್ಬಿಣಕ್ಕೆ ಬಿಗಿದಿದ್ದ. ಮುಂದುಗಡೆ ಅಕ್ಕ ನಿಲ್ಲುವಲ್ಲಿದ್ದ ಮೈಕಿನ ಪೆಟ್ಟಿಗೆಯ ನೆಗೆಟಿವ್ ಸ್ವಿಚ್ ಬೋರ್ಡಿಗೆ ಹೋಗಿತ್ತು. ಗುಂಯ್ ಬಂತು ಅಂತ ಆ ಪೆಟ್ಟಿಗೆಯಿಂದ ಸ್ಟೇರಿಂಗಿನ ಕಬ್ಬಿಣಕ್ಕೆ ಮೂರನೆಯದೊಂದು ಎಳೆದಿದ್ದ. ಇಲ್ಲಿ ತಗಡೆಲ್ಲಿ? ಎಂಜಿನ್ನು ಒಂದು ಕಡೆ, ಬೋರ್ಡು ಇನ್ನೊಂದು ಕಡೆ, ನಡುವೆ ಬಕೆಟ್ಟು. ಅವನು ಬೆಂಚಿನ ಕೆಳಗೆ ಕೈ ಚಾಚಿ, ಮೈಕಿನ ಪೆಟ್ಟಿಗೆಯಿಂದ ಬಂದ ಸಣ್ಣ ವೈರನ್ನು ಆಂಪ್ಲಿಫೈಯರಿನಿಂದ ಕಿತ್ತ. ಗುಂಯ್ ನಿಂತಿತು. ಸಿಕ್ಕಿಸಿದ, ಬಂತು. ಕಿತ್ತ, ನಿಂತಿತು. ಎಂಜಿನ್ನಿನ ಡೈನಮೋದಿಂದ ಹೊರಟ ಕರೆಂಟು ಬ್ಯಾಟರಿಗೆ ವಾಪಸು ಹೋಗುವಾಗ, ದಪ್ಪ ದಾರಿಯ ಜೊತೆಗೆ, ಅಕ್ಕನ ದನಿ ಹಿಂದಕ್ಕೆ ಬರುವ ಆ ಕಡ್ಡಿಯಂಥ ವೈರಿನಲ್ಲೂ ನುಗ್ಗುತ್ತಿತ್ತು. ಐದು ತಿಂಗಳು ಅವಳು ಮಾತಾಡಿದ್ದು ಆ ನೂಕುನುಗ್ಗಲಿನ ಎದುರು. ದಾರಿ ತೋರಿಸಿದವನು ಅವನು, ಒಂದಲ್ಲ, ಮೂರು ಕಡೆ ಬೋಲ್ಟ್ ಬಿಗಿದು.

ಆಮೇಲೆ ನೆನಪಾಯಿತು. ಐದು ತಿಂಗಳ ಹಿಂದೆ ಈ ಆಂಪ್ಲಿಫೈಯರ್ ತಂದ ದಿನ ಅಡುಗೆಮನೆಯ ಮೇಜಿನ ಮೇಲೆ ಅದರ ಪುಸ್ತಕ ಬಿಡಿಸಿ ಅಕ್ಕ ಎಂದಿನ ಹಾಗೆ ಓದುತ್ತಿದ್ದಳು. ದೋಣಿಗಳಲ್ಲಿ ಬಳಸುವವರಿಗೆ ಸೂಚನೆ, ಎಂದಿದ್ದಳು. ಎಲ್ಲ ಉಪಕರಣಗಳ ನೆಗೆಟಿವ್ ತಂತಿಗಳನ್ನು, ಎಂದು ಮುಂದಕ್ಕೆ ಹೊರಟವಳನ್ನು ಅವನು ತಡೆದಿದ್ದ. 'ಅದೆಲ್ಲ ಬಿಡಕ್ಕ. ಅರ್ಥಿಂಗ್ ಕೊಡೋದು ನಂಗೆ ನೀನು ಹೇಳ್ಕೊಡ್ಬೇಡ.' ಹೇಳಿಕೊಡಬೇಡ ಎನ್ನುವಾಗ ಅದರಲ್ಲಿ ಎಷ್ಟು ಸೊಕ್ಕಿತ್ತು ಎನ್ನುವುದು ಈಗ, ಬೆಂಚಿನ ಕೆಳಗೆ, ಡೀಸೆಲ್ ವಾಸನೆಯಲ್ಲಿ, ಬೇರೆ ಯಾರೋ ಹೇಳಿದ್ದನ್ನು ಕೇಳಿದ ಹಾಗೆ ಕೇಳಿಸಿತು. ಸಿಟ್ಟು ಮಾಡಿಕೊಳ್ಳೋಣವೆಂದರೆ ಎದುರಿಗೆ ಯಾರೂ ಇರಲಿಲ್ಲ.

ಎಂಜಿನ್ ನಿಲ್ಲಿಸಲು ಹೇಳಿ ಕೆಲಸ ಶುರುಮಾಡಿದ. ಮೂರೂ ಬೋಲ್ಟುಗಳನ್ನು ಬಿಚ್ಚಿದ; ಎಂಜಿನ್ನಿಗೆ ಹಾಕಿದ್ದು ಎಷ್ಟು ಬಿಗಿಯಾಗಿತ್ತೆಂದರೆ ತನ್ನ ಕೈಕೆಲಸದ ಮೇಲೆಯೇ ಮೈಭಾರ ಹಾಕಿ ಎಳೆಯಬೇಕಾಯಿತು. ಬೆರಳು ದಪ್ಪದ ಕಪ್ಪು ವೈರಿನಲ್ಲಿ ಎರಡು ತುಂಡು ಕತ್ತರಿಸಿ, ಒಂದನ್ನು ಆಂಪ್ಲಿಫೈಯರಿನಿಂದ, ಇನ್ನೊಂದನ್ನು ಇಡೀ ಲಾಂಚಿನ ಉದ್ದ ಹಾಯಿಸಿ ಮೈಕಿನ ಪೆಟ್ಟಿಗೆಯಿಂದ ತಂದು, ಎರಡನ್ನೂ ಬ್ಯಾಟರಿಯ ನೆಗೆಟಿವ್ ಕಂಬಕ್ಕೆ, ಒಂದೇ ಬೋಲ್ಟಿನ ಕೆಳಗೆ, ಒಂದರ ಮೇಲೊಂದು ಕೂರಿಸಿ ಬಿಗಿದ. ಎಂಜಿನ್ನಿನ ದಪ್ಪ ಕೇಬಲ್ಲುಗಳ ಜೊತೆ ಒಟ್ಟಿಗೆ ಕಟ್ಟಿದ್ದ ಮೈಕಿನ ವೈರನ್ನು ಬಿಡಿಸಿ ಆಚೆ ಗೋಡೆಯಗುಂಟ ತಂದ. 'ಹೊಡಿ ಮಾಮ.' ಎಂಜಿನ್ ಹತ್ತಿಕೊಂಡಿತು. ಅವನು ಎದ್ದು ನಿಂತು ಸ್ಪೀಕರಿಗೆ ಕಿವಿ ಒತ್ತಿದ. ಏನೂ ಇಲ್ಲ. ಎಂಜಿನ್ನಿನ ತನ್ನದೇ ಡಬಡಬ, ಅದು ಹೊರಗಿನದು, ಅದರ ಪಾಡಿಗೆ ಅದು. 'ಏರಿಸು. ಇನ್ನೂ ಏರಿಸು.' ಕಾಲಡಿಯ ಹಲಗೆ ನಡುಗಿತು, ದಡದ ಹಕ್ಕಿಗಳೆದ್ದವು, ಸ್ಪೀಕರು ಸುಮ್ಮನಿತ್ತು. ಕುಣಿಯಬೇಕಿತ್ತು, ಕುಣಿಯಲಿಲ್ಲ. ನಲವತ್ತು ನಿಮಿಷದ ಕೆಲಸ, ಎಂದು ಲೆಕ್ಕ ಹಾಕಿದ. ಐದು ತಿಂಗಳಿಗೆ ಎದುರಾಗಿ ನಲವತ್ತು ನಿಮಿಷ.

ಎರಡೂವರೆಗೆ ಅಕ್ಕ ಬಂದಳು, ಕುತ್ತಿಗೆಗೆ ಬಟ್ಟೆ ಸುತ್ತಿಕೊಂಡು, ಬಿಸಿನೀರಿನ ಫ್ಲಾಸ್ಕನ್ನು ಕಂಕುಳಲ್ಲಿ ಒತ್ತಿಕೊಂಡು. ಬೆಳಗಿನಿಂದ ಮಾತು ಉಳಿಸಿಕೊಂಡಿದ್ದಳು. ಹುಬ್ಬು ಎತ್ತಿ ಏನು ಎಂದು ಕೇಳಿದಳು.

'ಆಯ್ತು,' ಎಂದ ಅವನು. 'ತಪ್ಪು ನಂದೇ.'

'ಹ್ಞೂಂ.'

'ಹ್ಞೂಂ ಅಂದ್ರೆ? ನಿಂಗೆ ಗೊತ್ತಿತ್ತಾ?'

'ಪುಸ್ತಕದಲ್ಲೇ ಇತ್ತಲ್ಲೋ. ಎಲ್ಲಾನೂ ಒಂದೇ ಕಡೆ ಕೊಡಿ ಅಂತ.' ದನಿ ಗಂಟಲಿನ ಅಂಚಿಗೆ ಉಜ್ಜಿಕೊಂಡು ಬಂತು.

'ಮತ್ತೆ ಬಾಯಿ ಬಿಟ್ಟು ಹೇಳೋಕೇನಾಗಿತ್ತು ನಿಂಗೆ!' ಅಂಗೈ ಮತ್ತೆ ಒದ್ದೆ. 'ಐದು ತಿಂಗಳು, ಅಕ್ಕ!'

'ಹೇಳಿದ್ದೆ. ಎರಡು ಸಲ. ಎರಡನೇ ಸಲ ನೀನು ಸ್ಪ್ಯಾನರ್ ಎಸೆದೆ, ಅದು ಹೋಗಿ ನೀರಿಗೆ ಬಿತ್ತು.'

'ಹದಿನಾಲ್ಕು ನಂಬರಿಂದು,' ಎಂದ ಮಾಮ ಮುಂದಿನಿಂದ, ಈ ಕಡೆ ತಿರುಗದೆ. 'ನಂದು ಅದು. ನಾನಿನ್ನೂ ಮರೆತಿಲ್ಲ.'

ಸ್ಪ್ಯಾನರ್ ನೀರಿಗೆ ಬಿದ್ದ ಬುಳುಕ್ ಎಂಬ ಸದ್ದು ಅವನಿಗೆ ನೆನಪಿತ್ತು. ಯಾಕೆ ಎಸೆದೆ ಎನ್ನುವುದು ಮಾತ್ರ ಮನಸ್ಸಿನಿಂದ ಒರೆಸಿಹೋಗಿತ್ತು. ಒರೆಸಿದವನೂ ತಾನೇ ಇರಬೇಕು. 'ಮೂರನೇ ಸಲ ಹೇಳ್ಬೇಕಿತ್ತು,' ಎಂದ, ಈ ಸಲ ಮೆಲ್ಲಗೆ.

'ಮೂರನೇ ಸಲಕ್ಕೆ ದನಿ ಉಳಿದಿರ್ಲಿಲ್ಲ ಕಣೋ,' ಎಂದು ಅಕ್ಕ ನಕ್ಕಳು. ಅವಳು ನಿಜವಾಗಿಯೂ ನಗುತ್ತಿದ್ದಳು, ಅದರಲ್ಲಿ ಮುಳ್ಳಿರಲಿಲ್ಲ. ಫ್ಲಾಸ್ಕಿನ ಮುಚ್ಚಳಕ್ಕೆ ನೀರು ಬಗ್ಗಿಸಿ ಮೊದಲು ಅವನಿಗೆ ಕೊಟ್ಟಳು. 'ಕುಡಿ. ಬೆಳಿಗ್ಗೆಯಿಂದ ಏನೂ ತಿಂದಿಲ್ಲ, ಮುಖ ನೋಡಿದ್ರೆ ಗೊತ್ತಾಗುತ್ತೆ.' ಅವನು ಕುಡಿದ. ಬರೀ ಬಿಸಿನೀರು. ಮುಚ್ಚಳವನ್ನು ಅವಳಿಗೆ ತಿರುಗಿ ಕೊಟ್ಟ.

ಜನ ಹತ್ತತೊಡಗಿದರು. ಯಜಮಾನರು ಎಲ್ಲರಿಗಿಂತ ಕೊನೆಗೆ, ಬಿಳಿ ಬೂಟಿನಲ್ಲಿ, ಹಲಗೆಯ ಮೇಲೆ ಒಂದೊಂದೇ ಹೆಜ್ಜೆ ಇಟ್ಟು ಬಂದರು. 'ಏನಮ್ಮಾ, ಇವತ್ತಾದ್ರೂ ಹಿಂದಿನೋರಿಗೆ ಕೇಳಿಸುತ್ತಾ, ಇಲ್ಲ ಇವತ್ತೂ ಮೂಕಾಭಿನಯಾನಾ?' ಈ ಮಾತಿಗಾಗಿಯೇ ಕಾದಿದ್ದವನ ಹಾಗೆ ಅವನು ಅವರ ಎದುರಿಗೆ ಹೋಗಿ ನಿಂತ. ತಿಂಗಳುಗಟ್ಟಲೆ ಮನಸ್ಸಿನಲ್ಲಿ ಯಜಮಾನರ ಜೊತೆ ಜಗಳವಾಡಿದ್ದ, ಎಲ್ಲ ಜಗಳಗಳಲ್ಲೂ ಗೆದ್ದಿದ್ದ. ಆ ಜಗಳಗಳ ಒಂದು ಮಾತೂ ಈಗ ಉಪಯೋಗಕ್ಕೆ ಬರಲಿಲ್ಲ. 'ಸಾರ್, ಅಕ್ಕನ ದನೀದು ತಪ್ಪಲ್ಲ. ವೈರಿಂಗ್ ತಪ್ಪಾಗಿತ್ತು. ಮಾಡಿದ್ದು ನಾನು.'

'ನೀನಾ?' ಅವರು ಅಕ್ಕನನ್ನು ನೋಡಿದರು. 'ನೀವು ಹಳೇ ಎಂಜಿನ್ನಿನ ಕಾಟ ಅಂದಿದ್ರಲ್ಲಮ್ಮಾ?'

'ಆಹಾ, ನನ್ನ ಎಂಜಿನ್ ಮೇಲೆ ಹಾಕಿದ್ರಾ!' ಮಾಮ ಎರಡೂ ಕೈ ಎತ್ತಿದ. 'ಅಕ್ಕ ತಮ್ಮ ಸೇರ್ಕೊಂಡು ಒಬ್ಬರು ಸ್ಪ್ಯಾನರ್ ತಿಂದ್ರು, ಒಬ್ಬರು ಮರ್ಯಾದೆ ತಿಂದ್ರು.'

ಅಕ್ಕ ಕುತ್ತಿಗೆಯ ಬಟ್ಟೆಯನ್ನು ಮೂಗಿನ ತನಕ ಎಳೆದುಕೊಂಡಳು. ಯಜಮಾನರು ಅವನನ್ನು ಮೇಲಿನಿಂದ ಕೆಳಗೆ ನೋಡಿದರು, ಬೈಯುತ್ತಾರೆ ಎಂದು ಅವನು ದವಡೆ ಬಿಗಿದ. 'ಈಗ ಸರಿಯಾಗಿದೆ ತಾನೆ? ಸರಿ, ನೋಡೋಣ. ಆ ಗ್ರೀಸ್ ಕೈಯಲ್ಲಿ ಸೀಟು ಮುಟ್ಬೇಡ ಮಾರಾಯ.' ಅಷ್ಟೇ. ಕೊನೆಯ ಬೆಂಚಿನ ಎಡ ತುದಿಗೆ ಹೋಗಿ ಕಾಲು ಚಾಚಿ ಕೂತರು. 'ಇಲ್ಲೇ ಕೂತು ಕೇಳ್ತೀನಿ. ಇಲ್ಲಿಗೆ ಬರ್ಲಿಲ್ಲ ಅಂದ್ರೆ ನಾನು ಹೇಳಿದ್ದೇ ಆಗೋದು, ಆಮೇಲೆ ಬೇಜಾರು ಮಾಡ್ಕೋಬೇಡಿ.' ಏಟು ಬೀಳುವುದೆಂದು ಮುಂದೊಡ್ಡಿದ ಕೆನ್ನೆಯನ್ನು ಯಾರೂ ಮುಟ್ಟದೆ ಹೋದ ಹಾಗಾಗಿ, ಅವನು ಅದೇ ಬೆಂಚಿನ ಬಲ ತುದಿಯಲ್ಲಿ, ಛತ್ರಿಯನ್ನು ಮಡಿಲಲ್ಲಿಟ್ಟುಕೊಂಡಿದ್ದ ವಯಸ್ಸಾದ ಹೆಂಗಸೊಬ್ಬಳ ಪಕ್ಕ ಕೂತ.

ಲಾಂಚು ದಡ ಬಿಟ್ಟಿತು. ವೇಗ ಏರಿತು. ಅಕ್ಕ ಮೈಕನ್ನು ಬಾಯಿಯ ಹತ್ತಿರ ತಂದಳು. ಐದು ತಿಂಗಳ ಅಭ್ಯಾಸಕ್ಕೆ ಎದೆ ತುಂಬ ಉಸಿರೆಳೆದು, ಕುತ್ತಿಗೆಯ ನರ ಬಿಗಿದು, ಆಮೇಲೆ ಏನೋ ನೆನಪಾದವಳಂತೆ ಆ ಉಸಿರನ್ನು ಹಾಗೇ ಬಿಟ್ಟುಬಿಟ್ಟಳು. 'ಎಲ್ಲರಿಗೂ ನಮಸ್ಕಾರ,' ಎಂದಳು, ಪಕ್ಕದಲ್ಲಿ ಕೂತವರಿಗೆ ಹೇಳುವಷ್ಟು ಮೆಲ್ಲಗೆ. ಅದು ಕೊನೆಯ ಬೆಂಚಿಗೆ ಬಂದು ಅವನ ಕಿವಿಯಲ್ಲೇ ಇಳಿಯಿತು. ಇಡಿಯಾಗಿ ಬಂತು, ಅದರ ಜೊತೆ ಅವನು ಎಣಿಸಿರದ ಇನ್ನೊಂದೂ ಬಂತು: ಪ್ರತಿ ಮಾತಿನ ತುದಿಯಲ್ಲಿ ದನಿ ಚೂರು ಹರಿಯುತ್ತಿತ್ತು, ಅಂಚು ಮಡಿಸಿ ಹೊಲಿಯದ ಬಟ್ಟೆಯ ಹಾಗೆ. ಇಷ್ಟು ದಿನ ಗುಂಯ್ ಅದನ್ನು ಮುಚ್ಚಿತ್ತು. ಇದು ನಾನು ಮಾಡಿದ್ದು, ಎಂದುಕೊಂಡ. ಅವಳು ಮುಂದುವರಿಸಿದಳು. ಎಡಗಡೆ ಮುಚ್ಚಿಹೋದ ಗಿರಣಿಯ ಚಿಮಣಿ ಬಂತು. 'ಅದರ ನೆತ್ತಿ ಮೇಲೆ ಒಂದು ಹಕ್ಕಿ ಕೂತಿದೆ ನೋಡಿ. ಹನ್ನೊಂದು ವರ್ಷದಿಂದ ಇದೇ ಹಕ್ಕಿ ಅಂತ ನಾನು ಎಲ್ಲರಿಗೂ ಹೇಳ್ತಿದೀನಿ. ಇಲ್ಲಿವರೆಗೆ ಹಕ್ಕಿ ಏನೂ ತಕರಾರು ಮಾಡಿಲ್ಲ.' ಮುಂದಿನ ಸಾಲುಗಳು ನಕ್ಕವು, ಆಮೇಲೆ ನಡುವಿನವು, ಆಮೇಲೆ ಅವನ ಬೆಂಚು. ಐದು ತಿಂಗಳಲ್ಲಿ ಅವಳು ತಮಾಷೆಗಳನ್ನೆಲ್ಲ ಬಿಟ್ಟುಬಿಟ್ಟಿದ್ದಳು ಎನ್ನುವುದು ಅವನಿಗೆ ಈಗ ತಿಳಿಯಿತು. ತಮಾಷೆಯನ್ನು ಕಿರುಚಿ ಹೇಳಲಾಗುವುದಿಲ್ಲ, ಹೆಸರು ಇಸವಿಗಳನ್ನು ಮಾತ್ರ ಕಿರುಚಬಹುದು. ಯಜಮಾನರು ಮೊದಲ ಐದು ನಿಮಿಷ ಗಲ್ಲ ಎತ್ತಿ ಪರೀಕ್ಷೆ ಮಾಡುವವರ ಹಾಗೆ ಕೇಳಿದರು. ಆಮೇಲೆ ಪರೀಕ್ಷೆ ಮರೆತು, ಅವಳು ಬಲಗಡೆ ಎಂದಾಗ ಬಲಕ್ಕೂ ಎಡಗಡೆ ಎಂದಾಗ ಎಡಕ್ಕೂ, ಟಿಕೆಟ್ ಕೊಂಡು ಬಂದವರ ಹಾಗೆಯೇ ಕತ್ತು ತಿರುಗಿಸತೊಡಗಿದರು. ನಡುನೀರಿನಲ್ಲಿ, ಅವನ ಕಡೆ ನೋಡದೆಯೇ, 'ನಾಳೆ ಹತ್ತು ಗಂಟೆ ಟ್ರಿಪ್ಪಿಗೂ ಅಮ್ಮನೇ ಬರ್ಲಿ. ಆ ಮೊಬೈಲ್ ಹುಡುಗಿಗೆ ಬೇಡ ಅಂದ್ಬಿಡ್ತೀನಿ,' ಎಂದರು.

ಅವನಿಗೆ ಯಾರಿಗಾದರೂ ಏನಾದರೂ ಹೇಳಬೇಕಿತ್ತು. ಹೇಳಬೇಕಾದವಳು ಅಷ್ಟು ಸಾಲುಗಳ ಆಚೆ, ಮೈಕು ಹಿಡಿದು, ಅವನೊಬ್ಬನನ್ನು ಬಿಟ್ಟು ಎಲ್ಲರನ್ನೂ ನೋಡುತ್ತ ನಿಂತಿದ್ದಳು. ಹೋಗಿ ಹೇಳಿದರೂ ಏನೆಂದು ಹೇಳುವುದು? ಮನೆಯಲ್ಲಿ ಅಂಥ ಮಾತು ಆಡಿ ಅಭ್ಯಾಸವಿಲ್ಲ. ಆಡಿದರೆ ಜ್ವರ ಬಂದಿದೆಯಾ ಎಂದು ಹಣೆ ಮುಟ್ಟಿ ನೋಡುತ್ತಾಳೆ. ಎದೆಯಲ್ಲಿ ಏರುತ್ತಿದ್ದದ್ದು ಸಿಟ್ಟೇ ಇರಬೇಕೆಂದು ಅವನು ಅಂಗೈ ನೋಡಿಕೊಂಡ. ಒಣಗಿತ್ತು. ಪಕ್ಕದ ಹೆಂಗಸಿನ ಕಡೆ ಬಾಗಿ, ಗಂಟಲು ಸರಿಮಾಡಿಕೊಂಡು, 'ಅವ್ರು ನಮ್ಮಕ್ಕ,' ಎಂದ. ಅವಳು ತಿರುಗಲಿಲ್ಲ. ಕೇಳಿಸಲಿಲ್ಲವೇನೋ ಎಂದು ಇನ್ನೂ ಸ್ವಲ್ಪ ಗಟ್ಟಿಯಾಗಿ, 'ಮಾತಾಡ್ತಿರೋರು, ನಮ್ಮ ಸ್ವಂತ ಅಕ್ಕ. ನಂಗೆ ಎಲ್ಲಾ ಓದಿ ಹೇಳಿದ್ದು ಅವ್ರೇ,' ಎಂದ.

'ಇರ್ಬಹುದಪ್ಪ,' ಎಂದಳು ಆ ಹೆಂಗಸು, ಕಣ್ಣು ಮುಂದಿನಿಂದ ಕದಲಿಸದೆ, ಛತ್ರಿಯ ಹಿಡಿಯಿಂದ ಅವನ ಮೊಣಕಾಲನ್ನು ಮೆಲ್ಲಗೆ ತಟ್ಟಿ. 'ಸ್ವಲ್ಪ ಸುಮ್ನಿರು. ಅವ್ರು ಮೆಲ್ಲಗೆ ಹೇಳ್ತಿದಾರೆ, ಕೇಳ್ಬೇಕು.'

ಅವನು ಗ್ರೀಸಿನ ಕೈಗಳನ್ನು ಸೀಟಿಗೆ ತಾಗದ ಹಾಗೆ ತೊಡೆಗಳ ನಡುವೆ ಇಟ್ಟುಕೊಂಡು, ಉಳಿದ ಇಪ್ಪತ್ತು ನಿಮಿಷವೂ ಆ ಹೆಂಗಸಿಗೆ ಒಂದಿಷ್ಟೂ ಅಡ್ಡಿಯಾಗದಂತೆ ಕೇಳುತ್ತ ಕೂತ.